ಕೇಳಿಸದ ಬೇಸ್

ಮೆಟಾಲಿಕಾ ತಂಡದ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡದ್ದು 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ, ಸ್ವೀಡನ್ನಿನ ಒಂದು ರಸ್ತೆಯಲ್ಲಿ. ಸ್ಟಾಕ್‌ಹೋಮಿನಲ್ಲಿ ಕಾರ್ಯಕ್ರಮ ಮುಗಿಸಿ ಕೋಪನ್‌ಹೇಗನ್ನಿಗೆ ಹೊರಟಿದ್ದ ಬಸ್ಸು ಮಗುಚಿತು. ಕ್ಯಾಲಿಫೋರ್ನಿಯಾದ ಹುಡುಗ, ವಯಸ್ಸು 24. ಆ ರಾತ್ರಿ ಮಲಗುವ ಜಾಗಕ್ಕಾಗಿ ಇಸ್ಪೀಟೆಲೆ ಎತ್ತಿದ್ದು, ಬರ್ಟನ್ ಗೆದ್ದದ್ದು – ಈ ಕತೆಯನ್ನು ಅಭಿಮಾನಿಗಳು ಇವತ್ತಿಗೂ ಹೇಳ್ತಾರೆ. ಹೇಳಲಿ. ಆತ ಏನು ನುಡಿಸಿದ ಅನ್ನೋದು ಮಾತ್ರ ಆ ಕತೆಯಿಂದ ಗೊತ್ತಾಗೋದಿಲ್ಲ.

ಬೇಸ್ ಗಿಟಾರ್ ಅಂದರೆ ಏನು ಅಂತ ನಮ್ಮ ಕಡೆಯವರು ಕೇಳಿದರೆ ನಾನು ಮೃದಂಗದ ಎಡಭಾಗವನ್ನು ನೆನಪಿಸ್ತೀನಿ. ಕಿವಿಗಿಂತ ಮೊದಲು ಎದೆಗೆ ತಾಗುವ ನಾದ. ಇರುವಾಗ ಯಾರೂ ಗಮನಿಸೋದಿಲ್ಲ, ನಿಂತರೆ ಏನೋ ಬರಿದಾಯಿತು ಅನ್ನಿಸುತ್ತೆ. ಬರ್ಟನ್ ಈ ಹಿಂದಿನ ಸಾಲಿನ ವಾದ್ಯವನ್ನು ಮುಂದಕ್ಕೆ ತಂದ. 1983ರ ಮೊದಲ ಆಲ್ಬಮ್ಮಿನಲ್ಲೇ ಅವನಿಗೊಂದು ಪೂರ್ತಿ ತುಣುಕು ಬಿಟ್ಟುಕೊಟ್ಟಿದ್ದಾರೆ, 'ಅನಸ್ತೇಷಿಯಾ'. 1984ರ 'ಫಾರ್ ಹೂಮ್ ದ ಬೆಲ್ ಟೋಲ್ಸ್' ಶುರುವಿನಲ್ಲಿ ಕೇಳುವ ಆ ಒರಟು ಸ್ವರಮಾಲೆಯನ್ನು ಗಿಟಾರು ಅಂದುಕೊಂಡವರೇ ಜಾಸ್ತಿ. ಅದು ಬರ್ಟನ್ನನ ಬೇಸ್.

ನನ್ನ ಪ್ರಕಾರ ಅವನ ದೊಡ್ಡ ಕೆಲಸ 'ಓರಾಯನ್'. 1986ರದ್ದು, ಎಂಟು ನಿಮಿಷ ಮೀರಿದ, ಮಾತೇ ಇಲ್ಲದ ರಚನೆ. ನಡುವೆ ಅಬ್ಬರವೆಲ್ಲ ಇಳಿದು ಬೇಸ್ ಒಂದೇ ಉಳಿಯುತ್ತದೆ, ನಿಧಾನಕ್ಕೆ, ತೂಗುವ ಲಯದಲ್ಲಿ. ಅದರ ಮೇಲೆ ಗಿಟಾರುಗಳು ಒಂದೊಂದಾಗಿ ಬಂದು ಕೂರುತ್ತವೆ. ಬಾಖ್‌ನನ್ನು ಮನಸ್ಸಿಟ್ಟು ಕೇಳಿದವನು ಕಟ್ಟಿದ ಭಾಗ ಅಂತ ಅದು ತಾನೇ ಹೇಳುತ್ತದೆ. ಅವನ ಅಂತ್ಯಕ್ರಿಯೆಯಲ್ಲಿ ಹಾಕಿದ್ದೂ ಇದೇ ಧ್ವನಿಮುದ್ರಣ.

ಇನ್ನು ಶೋಕದ ಮಾತು. ಆರೇ ವಾರಗಳಲ್ಲಿ ಜೇಸನ್ ನ್ಯೂಸ್ಟೆಡ್ ಅವನ ಜಾಗದಲ್ಲಿ ನಿಂತು ನುಡಿಸಿದ. 1988ರ '...ಆಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಈ ಹೊಸಬನ ಬೇಸ್ ಹೆಚ್ಚುಕಡಿಮೆ ಕೇಳಿಸೋದೇ ಇಲ್ಲ. ತಂಡದವರು ಹೇಳಿದ್ದಕ್ಕೇ ತಗ್ಗಿಸಿದೆ ಅಂತ ಮಿಶ್ರಣ ಮಾಡಿದ ಸ್ಟೀವ್ ಥಾಂಪ್ಸನ್ ಬಹಿರಂಗವಾಗಿಯೇ ಹೇಳಿದ್ದಾರೆ. ಇದನ್ನೇ ಅವರು ಸತ್ತ ಗೆಳೆಯನಿಗೆ ಬಿಟ್ಟ ಖಾಲಿ ಕುರ್ಚಿ ಅಂತ ಕೊಂಡಾಡೋರು ಇದ್ದಾರೆ. ನಾನು ಒಪ್ಪೋದಿಲ್ಲ. ದುಃಖ ದೊಡ್ಡದೇ, ಆದರೆ ಅದರ ಬಾಕಿ ತೀರಿಸಿದ್ದು ಏನೂ ತಪ್ಪು ಮಾಡದ ನ್ಯೂಸ್ಟೆಡ್. ಬದುಕಿರೋನ ಬಾಯಿ ಮುಚ್ಚಿಸಿ ಸತ್ತವನನ್ನು ನೆನೆಯೋದು ಯಾವ ಮನೆಯ ಪದ್ಧತಿ? 2018ರಲ್ಲಿ ಮರುಬಿಡುಗಡೆ ಮಾಡಿದಾಗಲೂ ಆ ಮಿಶ್ರಣವನ್ನು ಬದಲಿಸಲಿಲ್ಲ. ಅದೇ ಆಲ್ಬಮ್ಮಿನಲ್ಲಿ, ಬರ್ಟನ್ ಬಿಟ್ಟುಹೋದ ತುಣುಕುಗಳನ್ನು ಸೇರಿಸಿ ಕಟ್ಟಿದ 'ಟು ಲಿವ್ ಈಸ್ ಟು ಡೈ' ಇದೆ. ಅದು ಸಾಕಿತ್ತು.

ಅವನ ಅಪ್ಪ ರೇ ಬರ್ಟನ್ ಬೇರೆ ರೀತಿ ನೆನೆದರು. ಮಗನ ಹಾಡುಗಳಿಂದ ಬರುವ ರಾಯಲ್ಟಿಯನ್ನು ಅವನು ಓದಿದ ಕ್ಯಾಸ್ಟ್ರೋ ವ್ಯಾಲಿ ಹೈಸ್ಕೂಲಿನಲ್ಲಿ ಸಂಗೀತ ಕಲಿಯುವ ಮಕ್ಕಳಿಗೆ ವಿದ್ಯಾರ್ಥಿವೇತನವಾಗಿ ಕೊಟ್ಟರು. 2020ರಲ್ಲಿ, 94ನೇ ವಯಸ್ಸಿನಲ್ಲಿ ಹೋದರು. ಅಪಘಾತ ನಡೆದ ಊರಿನ ಹತ್ತಿರ 2006ರಲ್ಲಿ ಒಂದು ಸ್ಮಾರಕ ಶಿಲೆ ನಿಲ್ಲಿಸಿದ್ದಾರೆ. ಪರಊರಿನ ಹುಡುಗನಿಗೆ ಆ ನೆಲದವರೇ ಕಲ್ಲು ನಿಲ್ಲಿಸಿದ್ದು. ವೀರಗಲ್ಲುಗಳ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಶಕ್ಕೂ ಅವರು ಬಂದರು. 2011ರ ಅಕ್ಟೋಬರ್ 28ರಂದು ಗುರ್ಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ರದ್ದಾಯಿತು. ಎರಡೇ ದಿನಕ್ಕೆ, 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಊರು ಬಿಟ್ಟು ದೆಹಲಿ ಸೇರಿದ ನಮ್ಮಂಥವರ ಹಣೆಬರಹ ನೋಡಿ! ಅಷ್ಟೊತ್ತಿಗೆ ಬೇಸ್ ರಾಬರ್ಟ್ ಟ್ರುಹಿಯೋ ಕೈಯಲ್ಲಿತ್ತು, ಬರ್ಟನ್ನನ ಹಾಗೇ ಬೆರಳಿನಿಂದಲೇ ನುಡಿಸುವವನು.

ಅವನಿದ್ದಿದ್ದರೆ ತಂಡ 1991ರ ನಂತರ ಮೆತ್ತಗಾಗ್ತಿರಲಿಲ್ಲ ಅಂತ ವಾದಿಸೋರ ಜೊತೆ ಜಗಳಕ್ಕೆ ಹೋಗೋದು ದಂಡ. ಇರುವ ಮೂರು ಆಲ್ಬಮ್ ಕೇಳಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಡ. ಬೇಸಿನ ಕೆಳಗಿನ ತಂತಿ ನುಡಿಯೋದು 41 ಹರ್ಟ್ಸ್‌ನಲ್ಲಿ, ಅಷ್ಟು ತಗ್ಗಿನ ನಾದ ಅದರಿಂದ ಹೊರಡೋದೇ ಇಲ್ಲ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು 'ಓರಾಯನ್' ಹಚ್ಚಿ, ನಾಲ್ಕನೇ ನಿಮಿಷದವರೆಗೆ ಕಾಯಿರಿ.