ಸುದ್ದಿ, ಹಾಡು, ನ್ಯಾಯ: ಸಮುದಾಯ ಬಾನುಲಿಯ ಒಂದು ತಾತ್ವಿಕ ಪ್ರಶ್ನೆ

1

ಕನ್ನಡ ನಾಡಿನಲ್ಲಿ ಬಾನುಲಿಯ ಚರಿತ್ರೆ ಸರ್ಕಾರಿ ಕಚೇರಿಯಿಂದ ಆರಂಭವಾದುದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆ ಕೇಂದ್ರದೊಂದಿಗೆ ಬೆಸೆದುಕೊಂಡ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿ ವ್ಯವಸ್ಥೆಯ ಹೆಸರೇ ಆಯಿತು. ಈ ಸಂಗತಿಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಈ ಹೆಸರಿನೊಳಗೇ ಸಂವಹನದ ಒಂದು ದಿಕ್ಕು ಅಡಗಿದೆಯೆಂಬುದನ್ನು ಅಷ್ಟಾಗಿ ಗಮನಿಸಿಲ್ಲ. ವಾಣಿ ಆಕಾಶದಿಂದ ಇಳಿಯುತ್ತದೆ. ಕೇಳುವವರು ನೆಲದ ಮೇಲಿರುತ್ತಾರೆ. ಪುರಾಣದ ಅಶರೀರವಾಣಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಸಮುದಾಯ ಬಾನುಲಿಯ ಆಶಯವು ಈ ದಿಕ್ಕನ್ನು ಬದಲಿಸುವುದೇ ಆಗಿದೆ. ಕೇಳುಗರೇ ಮಾತನಾಡುವವರಾಗಬೇಕು, ನೆಲದ ಮಾತು ನೆಲದವರಿಗೇ ತಲುಪಬೇಕು ಎಂಬುದು ಅದರ ಮೂಲತತ್ತ್ವ. ಈ ಆಶಯ ನಮ್ಮಲ್ಲಿ ಎಷ್ಟರಮಟ್ಟಿಗೆ ಕೈಗೂಡಿದೆ, ಎಲ್ಲಿ ತಡೆಯಲ್ಪಟ್ಟಿದೆ ಎಂಬುದನ್ನು ಸುದ್ದಿ, ಸಂಸ್ಕೃತಿ ಮತ್ತು ಸಾಮಾಜಿಕ ನ್ಯಾಯ ಎಂಬ ಮೂರು ವರ್ಗೀಕರಣಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಹಕ್ಕಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಘೋಷಿಸಿತು. ಮರುವರ್ಷ, ಅಂದರೆ 1996ರಲ್ಲಿ, ಬೆಂಗಳೂರಿನಲ್ಲಿ ಸೇರಿದ ಮಾಧ್ಯಮ ಕಾರ್ಯಕರ್ತರು ಸಮುದಾಯ ಬಾನುಲಿಗಾಗಿ ಒತ್ತಾಯಿಸಿ ಘೋಷಣೆಯೊಂದನ್ನು ಹೊರಡಿಸಿದರು. ಆದರೆ 2002ರ ಡಿಸೆಂಬರಿನಲ್ಲಿ ಸರ್ಕಾರ ರೂಪಿಸಿದ ಮೊದಲ ನೀತಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಅವಕಾಶ ನೀಡಿತು. ಸಾರ್ವಜನಿಕ ಸ್ವತ್ತು ಮೊದಲು ವಿದ್ಯಾವಂತರ ಅಂಗಳವನ್ನು ತಲುಪಿತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ.

ಈ ಕಾಯುವಿಕೆಯ ಅವಧಿಯಲ್ಲಿ ಜನರು ಸುಮ್ಮನಿರಲಿಲ್ಲ. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನೊಂದಿಗೆ ‘ನಮ್ಮ ಧ್ವನಿ’ಯನ್ನು ಆರಂಭಿಸಿದವು. ಸ್ವಸಹಾಯ ಸಂಘಗಳ ಮಹಿಳೆಯರು ಕಾರ್ಯಕ್ರಮ ತಯಾರಿಸಿದರು. ಗಾಳಿಯಲ್ಲಿ ಪ್ರಸಾರ ಮಾಡಲು ಕಾನೂನು ಒಪ್ಪದ್ದರಿಂದ ಧ್ವನಿವರ್ಧಕವನ್ನೂ ನಂತರ ಕೇಬಲ್ ತಂತಿಯನ್ನೂ ಬಳಸಲಾಯಿತು. ಬೀದರ್ ಗಡಿಗೆ ಸಮೀಪದಲ್ಲಿರುವ, ಇಂದಿನ ತೆಲಂಗಾಣಕ್ಕೆ ಸೇರಿದ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು 1998ರಿಂದಲೇ ಧ್ವನಿಮುದ್ರಣ ಕಲಿತು, ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಅವರ ‘ಸಂಗಮ್ ರೇಡಿಯೊ’ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ರಂದು. ಮಾತನಾಡಲು ಸಿದ್ಧರಾದವರು ಮಾತಿಗೆ ಅನುಮತಿ ಪಡೆಯಲು ಹತ್ತು ವರ್ಷ ಕಾದರು. ತರಂಗಗಳು ಸಾರ್ವಜನಿಕ ಸ್ವತ್ತೆಂಬ ತೀರ್ಪು ಮತ್ತು ಈ ಹತ್ತು ವರ್ಷಗಳ ಮೌನ ಇವೆರಡನ್ನೂ ಜೊತೆಗಿಟ್ಟು ಓದಬೇಕಾಗುತ್ತದೆ.

3

2006ರ ಮಾರ್ಗಸೂಚಿ ಕೆಲವು ದೃಷ್ಟಿಯಿಂದ ಉದಾರವಾದುದೇ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಸ್ಥಳೀಯರ ಸಹಭಾಗಿತ್ವದಲ್ಲಿ ತಯಾರಿಸಬೇಕು, ಸ್ಥಳೀಯ ಭಾಷೆ ಮತ್ತು ಉಪಭಾಷೆಗಳಿಗೆ ಆದ್ಯತೆ ಇರಬೇಕು ಎಂದು ಅದು ವಿಧಿಸಿತು. ಆದರೆ ಅದೇ ಮಾರ್ಗಸೂಚಿ ಸುದ್ದಿ, ಪ್ರಚಲಿತ ವಿದ್ಯಮಾನ ಹಾಗೂ ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ನಿಷೇಧಿಸಿತು. ಮುಂದೆ ದೊರೆತ ಸಡಿಲಿಕೆಯೆಂದರೆ ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ಬಿತ್ತರಿಸಬಹುದು ಎಂಬುದು. ದೆಹಲಿಯ ಸುದ್ದಿಯನ್ನು ಹಳ್ಳಿಯ ಮಾತಿನಲ್ಲಿ ಹೇಳಬಹುದು. ಹಳ್ಳಿಯ ಸುದ್ದಿಯನ್ನು ಹಳ್ಳಿಯ ಮಾತಿನಲ್ಲಿ ಹೇಳುವಂತಿಲ್ಲ. ಆಕಾಶದಿಂದ ಇಳಿಯುವ ವಾಣಿಯ ಹಳೆಯ ದಿಕ್ಕು ಇಲ್ಲಿ ಮರಳಿ ಸ್ಥಾಪಿತವಾಗುತ್ತದೆ.

ಈ ನಿಷೇಧ ಕಾರ್ಯಕ್ರಮಗಳ ಸ್ವರೂಪವನ್ನೇ ನಿರ್ಧರಿಸಿದೆ. ನಮ್ಮ ಬಹುಪಾಲು ಕೇಂದ್ರಗಳು ಎರಡು ಪ್ರಕಾರಗಳಲ್ಲಿ ನೆಲೆ ಕಂಡುಕೊಂಡಿವೆ. ಒಂದು, ವೈದ್ಯರು, ಕೃಷಿ ತಜ್ಞರು, ಅಧಿಕಾರಿಗಳು ನೀಡುವ ‘ಮಾಹಿತಿ’. ಇನ್ನೊಂದು, ಸೋಬಾನೆ, ತತ್ವಪದ, ಕೋಲಾಟದ ಪದಗಳನ್ನು ಒಳಗೊಂಡ ‘ಸಂಸ್ಕೃತಿ’. ಎರಡೂ ಉಪಯುಕ್ತವೇ. ಆದರೆ ಮೊದಲನೆಯದರಲ್ಲಿ ಸಮುದಾಯ ಕಲಿಯಬೇಕಾದ ವಿದ್ಯಾರ್ಥಿ. ಎರಡನೆಯದರಲ್ಲಿ ಸಂಗ್ರಹಯೋಗ್ಯ ವಸ್ತು. ತನ್ನ ಸ್ಥಿತಿಯ ಬಗ್ಗೆ ತಾನೇ ಸಾಕ್ಷ್ಯ ನುಡಿಯುವ ಪಾತ್ರ ಅದಕ್ಕೆ ಈ ಎರಡರಲ್ಲೂ ಇಲ್ಲ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ತಿಳಿಸಿದರೆ ಅದು ಮಾಹಿತಿ. ನಮ್ಮ ಕೇರಿಗೇ ಏಕೆ ಬರಲಿಲ್ಲ ಎಂದು ಕೇಳಿದರೆ ಅದು ಸುದ್ದಿ. ಸಾಮಾಜಿಕ ನ್ಯಾಯದ ಪ್ರಶ್ನೆ ಹುಟ್ಟುವುದು ಈ ಎರಡನೆಯ ವಾಕ್ಯದಲ್ಲಿ. ಅಲ್ಲಿಗೆ ಮೈಕು ಮೌನವಾಗಬೇಕಾಗುತ್ತದೆ.

4

ಸುದ್ದಿ ಮತ್ತು ಸಂಸ್ಕೃತಿಗಳ ಈ ವಿಭಜನೆ ಕನ್ನಡದ ಮೌಖಿಕ ಪರಂಪರೆಗೆ ಪರಕೀಯವಾದುದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹಲಗಲಿಯ ಬೇಡರನ್ನು ಕುರಿತ ಲಾವಣಿಯನ್ನು ಈ ದೃಷ್ಟಿಯಿಂದ ನೋಡಬಹುದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷ್ ಸರ್ಕಾರದ ಆಜ್ಞೆಯನ್ನು ಮುಧೋಳದ ಬಳಿಯ ಹಲಗಲಿಯ ಜನ ಪ್ರತಿಭಟಿಸಿದರು. ಊರು ದಾಳಿಗೆ ತುತ್ತಾಯಿತು. ಆ ಘಟನೆಯನ್ನು ಲಾವಣಿಕಾರರು ಹಾಡಿದರು. ಸಂಗೊಳ್ಳಿ ರಾಯಣ್ಣನ ಬಂಡಾಯವೂ ಹೀಗೆಯೇ ಹಾಡಾಯಿತು. ಇಂಥ ಲಾವಣಿಗಳನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದರು.

ಈ ಲಾವಣಿ ಅದು ಹುಟ್ಟಿದ ಕಾಲದಲ್ಲಿ ಏನಾಗಿತ್ತು? ಅದು ಹಾಡಾಗಿತ್ತು. ಯಾರು ಆಜ್ಞೆ ಹೊರಡಿಸಿದರು, ಯಾರು ಎದುರಾದರು, ಊರಿಗೆ ಏನಾಯಿತು ಎಂಬುದನ್ನು ಊರಿಂದೂರಿಗೆ ಒಯ್ದ ಸುದ್ದಿಯೂ ಆಗಿತ್ತು. ಯಾರ ಪಕ್ಷದಲ್ಲಿ ನ್ಯಾಯವಿದೆ ಎಂಬ ತೀರ್ಮಾನವೂ ಆಗಿತ್ತು. ಈ ಮೂರನ್ನೂ ಬೇರ್ಪಡಿಸಿದರೆ ಲಾವಣಿಯೇ ಉಳಿಯುವುದಿಲ್ಲ. ಇಂದು ಈ ಲಾವಣಿಯನ್ನು ಸಮುದಾಯ ಬಾನುಲಿಯಲ್ಲಿ ಹಾಡಿಸಿದರೆ ಅದು ಜಾನಪದ. ಯಾರ ಆಕ್ಷೇಪವೂ ಇರದು. ಆದರೆ ಅದೇ ಮಟ್ಟಿನಲ್ಲಿ, ಕಳೆದ ವಾರ ತನ್ನೂರಿನಲ್ಲಿ ನಡೆದ ಬಹಿಷ್ಕಾರವನ್ನು ಕುರಿತು ಗಾಯಕಿಯೊಬ್ಬಳು ಪದ ಕಟ್ಟಿದರೆ ಅದು ಯಾವ ವರ್ಗಕ್ಕೆ ಸೇರುತ್ತದೆ? ಸಂಸ್ಕೃತಿಯೆಂದು ಅನುಮತಿ ದೊರೆಯುವುದೋ, ಪ್ರಚಲಿತ ವಿದ್ಯಮಾನವೆಂದು ತಡೆಯಲ್ಪಡುವುದೋ? ಒಂದೂವರೆ ಶತಮಾನ ಕಳೆದ ಪ್ರತಿಭಟನೆ ಪರಂಪರೆಯಾಗುತ್ತದೆ, ಇಂದಿನದು ಉಲ್ಲಂಘನೆಯಾಗುತ್ತದೆ. ಜಾನಪದವನ್ನು ಗೌರವಿಸುತ್ತೇವೆಂಬ ವ್ಯವಸ್ಥೆಯು ಜಾನಪದ ಹುಟ್ಟುವ ಕ್ರಿಯೆಯನ್ನೇ ಅನುಮಾನದಿಂದ ನೋಡುವ ವಿಪರ್ಯಾಸವಿದು.

ಸಂಗಮ್ ರೇಡಿಯೊದಂಥ ಪ್ರಯೋಗಗಳ ಮಹತ್ವ ಇರುವುದು ಈ ವಿಭಜನೆಯನ್ನು ಅವು ಸದ್ದಿಲ್ಲದೆ ದಾಟುವುದರಲ್ಲಿ. ಜೋಳ, ನವಣೆಗಳ ಬೀಜದ ಬಗ್ಗೆ ಮಹಿಳೆಯೊಬ್ಬಳು ಆಡುವ ಮಾತು ಅಡುಗೆಯ ಮಾತೂ ಹೌದು, ಹಬ್ಬದ ಮಾತೂ ಹೌದು, ಕೃಷಿನೀತಿಯ ವಿಮರ್ಶೆಯೂ ಹೌದು. ಆದರೆ ಜಾಣ್ಮೆಯಿಂದ ನುಸುಳುವ ಮಾತು ಹಕ್ಕಿನಿಂದ ಆಡುವ ಮಾತಿಗೆ ಪರ್ಯಾಯವಾಗಲಾರದು.

5

ನಿಷೇಧದ ಪರವಾದ ವಾದವನ್ನು ತಳ್ಳಿಹಾಕುವ ಮುನ್ನ ಪರಿಶೀಲಿಸಬೇಕು. ‘ಸಮುದಾಯ’ ಎಂಬ ಪದ ಮುಗ್ಧವಾದುದಲ್ಲ. ಹಳ್ಳಿಯೊಳಗೆ ಜಾತಿಯಿದೆ, ಭೂಮಾಲೀಕತ್ವವಿದೆ, ಗಂಡಾಳ್ವಿಕೆಯಿದೆ. ಸುದ್ದಿಯ ಅಧಿಕಾರ ದೊರೆತರೆ ಅದು ಬಲಾಢ್ಯರ ಕೈಸೇರಬಹುದು, ವದಂತಿ ಹರಡಬಹುದು ಎಂಬ ಆತಂಕ ನಿರಾಧಾರವಲ್ಲ. ಆದರೆ ಬಲಾಢ್ಯರಿಗೆ ತಮ್ಮ ಮಾತು ತಲುಪಿಸಲು ಬಾನುಲಿಯೇ ಬೇಕಿಲ್ಲ. ತಾಲ್ಲೂಕು ಕೇಂದ್ರದ ಪತ್ರಿಕೆ ಸುದ್ದಿ ಮುದ್ರಿಸಬಹುದು, ದೂರದರ್ಶನ ವಾಹಿನಿ ಹಗಲಿರುಳೂ ಸುದ್ದಿ ಬಿತ್ತರಿಸಬಹುದು, ಮೊಬೈಲಿನಲ್ಲಿ ಯಾರು ಏನನ್ನೂ ಹಂಚಬಹುದು. ನೂರು ವಾಟ್ ಸಾಮರ್ಥ್ಯದ, ಹತ್ತು ಹದಿನೈದು ಕಿಲೋಮೀಟರ್ ದಾಟದ ಬಾನುಲಿಗೆ ಮಾತ್ರ ಈ ಅವಕಾಶವಿಲ್ಲ. ಅಕ್ಷರ ಬಾರದವರೂ ಬಳಸಬಲ್ಲ ಅಗ್ಗದ ಮಾಧ್ಯಮವೊಂದಕ್ಕೇ ಈ ನಿರ್ಬಂಧ ಬಿದ್ದಿದೆ. ಮಾನಹಾನಿ, ದ್ವೇಷ ಪ್ರಚೋದನೆಗಳಿಗೆ ಪತ್ರಿಕೆಗಳನ್ನು ಹೊಣೆಗಾರರನ್ನಾಗಿಸುವ ಕಾನೂನು ಬಾನುಲಿಗೂ ಸಾಕಾಗಬೇಕು. ಒಳಗಿನ ಅಸಮಾನತೆಗೆ ಪರಿಹಾರ ಕೇಂದ್ರದ ಆಡಳಿತದಲ್ಲಿ ದಲಿತರಿಗೆ, ಮಹಿಳೆಯರಿಗೆ ನಿರ್ಣಾಯಕ ಸ್ಥಾನ ನೀಡುವುದೇ ಹೊರತು ಎಲ್ಲರ ಬಾಯಿ ಕಟ್ಟುವುದಲ್ಲ.

ನಿಷೇಧದಿಂದ ಸುದ್ದಿ ನಿಲ್ಲುವುದೂ ಇಲ್ಲ. ಛತ್ತೀಸಗಢದ ಆದಿವಾಸಿ ಪ್ರದೇಶದಲ್ಲಿ 2010ರಲ್ಲಿ ಆರಂಭವಾದ ‘ಸಿಜಿನೆಟ್ ಸ್ವರ’ ಇದಕ್ಕೆ ನಿದರ್ಶನ. ಅಲ್ಲಿ ಜನ ದೂರವಾಣಿಗೆ ಕರೆಮಾಡಿ ಗೊಂಡಿಯಂಥ ತಮ್ಮ ಭಾಷೆಯಲ್ಲಿಯೂ ದೂರು, ಸುದ್ದಿ, ಹಾಡುಗಳನ್ನು ದಾಖಲಿಸಿದರು. ಇತರರು ಅದೇ ರೀತಿ ಕರೆಮಾಡಿ ಕೇಳಿದರು. ಬಾನುಲಿಯಲ್ಲಿ ಬೇರ್ಪಟ್ಟದ್ದು ಅಲ್ಲಿ ಮತ್ತೆ ಒಂದಾಯಿತು.

ಬಾನುಲಿಯ ಸುದ್ದಿ ನಿಷೇಧವನ್ನು ಪ್ರಶ್ನಿಸಿ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. 2024ರ ಹೊತ್ತಿಗೆ ದೇಶದ ಸಮುದಾಯ ಬಾನುಲಿ ಕೇಂದ್ರಗಳ ಸಂಖ್ಯೆ ಐನೂರರ ಆಸುಪಾಸು ತಲುಪಿತು. ಈ ಸಂಖ್ಯೆಯನ್ನು ಸಾಧನೆಯೆಂದು ಎಣಿಸುವುದು ಸಹಜ. ಆದರೆ ಮೌಲ್ಯಮಾಪನದ ಅಳತೆಗೋಲು ಬೇರೆಯಾಗಬೇಕು. ಒಂದು ಕೇಂದ್ರ ಎಷ್ಟು ಸೋಬಾನೆ ಪದಗಳನ್ನು ಬಿತ್ತರಿಸಿತು ಎಂಬುದರ ಜೊತೆಗೆ, ಸೋಬಾನೆ ಹಾಡಿದವಳು ಹಾಡು ಮುಗಿದ ಮೇಲೆ ತನ್ನ ಕೇರಿಯ ನೀರಿನ ಮಾತನ್ನೂ ಅದೇ ಮೈಕಿನ ಮುಂದೆ ಆಡಲು ಸಾಧ್ಯವಾಯಿತೇ ಎಂದು ಸಂಶೋಧಕರು ಕೇಳಬೇಕು. ಅವಳ ಹಾಡನ್ನು ಉಳಿಸಿಕೊಂಡು ಮಾತನ್ನು ಕಳಚುವ ವ್ಯವಸ್ಥೆಯನ್ನು ಸಮುದಾಯದ ಬಾನುಲಿ ಎಂದು ಕರೆಯುವುದು ಕಷ್ಟ.