ಸಿಟ್ಟಿನ ತಲೆಗೆ ಕಟ್ಟಿದ ಬಿಪಿ

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಯಾರಾದರೂ ದನಿ ಏರಿಸಿದರೆ ‘ಬಿಪಿ ರೈಸ್ ಮಾಡ್ಕೋಬೇಡ’ ಎನ್ನುತ್ತೇವೆ. ಬಿಪಿ ಎಂಬ ಎರಡಕ್ಷರ ಸಿಟ್ಟಿಗೆ ಇನ್ನೊಂದು ಹೆಸರಾಗಿಬಿಟ್ಟಿದೆ. ಮೂವತ್ತೈದರ ಹೆಣ್ಣುಮಗಳಿಗೆ ರಕ್ತದೊತ್ತಡ ಇದೆಯೆಂದು ತಿಳಿದ ದಿನ ಮನೆಯಲ್ಲಿ ಕೇಳಿಬರುವುದು ಎರಡೇ ಮಾತು: ‘ಎಲ್ಲದಕ್ಕೂ ಟೆನ್ಷನ್ ಮಾಡ್ಕೋತಾಳೆ’, ಇಲ್ಲವೇ ‘ಅವರಮ್ಮನಿಗೂ ಇತ್ತು’. ಮೊದಲನೆಯದು ಸ್ವಭಾವದ ಮೇಲಿನ ದೂರು, ಎರಡನೆಯದು ಮನೆತನದ ಮೇಲಿನದು. ಎರಡರಲ್ಲೂ ಕಾರಣ ಸಿಕ್ಕಿಬಿಟ್ಟಿತೆಂಬ ಸಮಾಧಾನವಿದೆ. ಆದ್ದರಿಂದಲೇ ಯಾರೂ ಮುಂದೆ ಹುಡುಕುವುದಿಲ್ಲ. ಈ ಸಮಾಧಾನ ಸುಳ್ಳು, ಕೆಲವರ ಪಾಲಿಗೆ ಅಪಾಯ ಕೂಡ.

ಕೆಲವರಲ್ಲಿ ಕಾರಣ ಬೇರೆಡೆಯೇ ಇರುತ್ತದೆ. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಒಂದೊಂದೂ ನಾಲ್ಕೈದು ಗ್ರಾಂ ತೂಗುತ್ತವೆ. ಅವುಗಳ ಹೊರಪದರದಿಂದ ಬರುವ ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಉಪ್ಪಿನ ಸೋಡಿಯಂ ಹಿಡಿದಿಟ್ಟುಕೋ, ಪೊಟ್ಯಾಷಿಯಂ ಹೊರಗೆ ಬಿಡು ಎಂದು ಕಿಡ್ನಿಗೆ ಹೇಳುತ್ತದೆ. ಅಲ್ಲೊಂದು ಗಡ್ಡೆ ಬೆಳೆದು ಈ ಹಾರ್ಮೋನನ್ನು ಎಡೆಬಿಡದೆ ಸುರಿಸಿದರೆ ಬಿಪಿ ಏರುತ್ತದೆ. ಅಮೆರಿಕದ ವೈದ್ಯ ಜೆರೋಮ್ ಕಾನ್ 1955ರಲ್ಲಿ ಇದನ್ನು ಪ್ರಕಟಿಸಿದರು. ಅವರ ರೋಗಿ 34 ವರ್ಷದ ಹೆಂಗಸು. ಗಡ್ಡೆ ತೆಗೆದ ಮೇಲೆ ಆಕೆಯ ಬಿಪಿ ಇಳಿಯಿತು.

ಗಡ್ಡೆ ಹಾಗೇಕೆ ಸುರಿಸುತ್ತದೆ ಎಂಬುದು ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. 2011ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಲಿಫ್ಟನ್ ತಂಡ ಇಂಥ 22 ಗಡ್ಡೆಗಳನ್ನು ಪರೀಕ್ಷಿಸಿತು. ಎಂಟರಲ್ಲಿ ಕೆಸಿಎನ್‌ಜೆ5 ಎಂಬ ಒಂದೇ ಜೀನ್ ಕೆಟ್ಟಿತ್ತು. ಆ ಜೀನ್ ರೂಪಿಸುವ ಪ್ರೋಟೀನು ಜೀವಕೋಶದ ಪೊರೆಯಲ್ಲಿರುವ ಬಾಗಿಲು. ಪೊಟ್ಯಾಷಿಯಂಗೆ ಮಾತ್ರ ದಾರಿ ಬಿಡುವುದು ಅದರ ಕೆಲಸ. 151ನೇ ಅಥವಾ 168ನೇ ಜಾಗದ ಒಂದು ಅಮೈನೋ ಆಮ್ಲ ಬದಲಾದರೆ ಬಾಗಿಲಿಗೆ ಗುರುತು ತಪ್ಪಿ, ಸೋಡಿಯಂ ಒಳನುಗ್ಗುತ್ತದೆ. ಪೊರೆಯ ವಿದ್ಯುತ್ ಸಮತೋಲ ಕೆಟ್ಟು ಕ್ಯಾಲ್ಸಿಯಂ ಬಾಗಿಲುಗಳು ತೆರೆಯುತ್ತವೆ. ಕ್ಯಾಲ್ಸಿಯಂ ಬಂತೆಂದರೆ ಕೋಶಕ್ಕೆ ಅದೇ ಅಪ್ಪಣೆ: ಆಲ್ಡೋಸ್ಟಿರೋನ್ ತಯಾರಿಸು. ಮುಂದಿನ ವರ್ಷಗಳಲ್ಲಿ ಇತರ ಗಡ್ಡೆಗಳಲ್ಲಿ ಬೇರೆ ಪ್ರೋಟೀನುಗಳ ದೋಷವೂ ಸಿಕ್ಕಿತು: ಸೋಡಿಯಂ ಹೊರದಬ್ಬುವ ಪಂಪು, ಕ್ಯಾಲ್ಸಿಯಂ ಪಂಪು, ಕ್ಯಾಲ್ಸಿಯಂ ಬಾಗಿಲು. ದಾರಿ ಬೇರೆಬೇರೆ, ಮುಟ್ಟುವ ಊರು ಮಾತ್ರ ಒಂದೇ.

ಈ ಸರಪಳಿಯ ಯಾವ ಕೊಂಡಿಯಲ್ಲೂ ಸಿಟ್ಟು ಇಲ್ಲ, ಅತ್ತೆ–ಸೊಸೆ ಜಗಳವಿಲ್ಲ. ಮನೆತನವೂ ಸಾಮಾನ್ಯವಾಗಿ ಇಲ್ಲ. ಬಹುಪಾಲು ಈ ದೋಷ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ. ತಾಯಿಯಿಂದ ಬಂದದ್ದಲ್ಲ, ಮಗುವಿಗೆ ಹೋಗುವುದೂ ಅಲ್ಲ. ಕೆಸಿಎನ್‌ಜೆ5 ಕೆಟ್ಟ ಗಡ್ಡೆಗಳು ಹೆಂಗಸರಲ್ಲಿ, ಅದರಲ್ಲೂ ಕಿರಿಯ ವಯಸ್ಸಿನವರಲ್ಲಿ ಹೆಚ್ಚು. ನಾವು ‘ಟೆನ್ಷನ್’ ಎಂದು ಬಾಯಿ ಮುಚ್ಚಿಸುವುದೂ ಅವರನ್ನೇ.

ಅದೇ ಗ್ರಂಥಿಯ ಇನ್ನೊಂದು ಹಾರ್ಮೋನು ಕಾರ್ಟಿಸೋಲ್. ಅದನ್ನು ಹೆಚ್ಚಿಸುವ ಗಡ್ಡೆಯ ಕಥೆಯೂ ಇಂಥದ್ದೇ. ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಬಂದಾಗ ಮಾತ್ರ ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಕೆಲಸಕ್ಕಿಳಿಯಬೇಕು. ಉಳಿದ ಹೊತ್ತು ಅದರ ದುಡಿಯುವ ಭಾಗವನ್ನು ಇನ್ನೊಂದು ಭಾಗ ಅಪ್ಪಿ ಹಿಡಿದಿರುತ್ತದೆ. 206ನೇ ಜಾಗದಲ್ಲಿ ಲ್ಯೂಸಿನ್ ಹೋಗಿ ಆರ್ಜಿನಿನ್ ಬಂದರೆ ಆ ಹಿಡಿತ ತಪ್ಪುತ್ತದೆ ಎಂದು 2014ರಲ್ಲಿ ತಿಳಿಯಿತು. ಆಗ ಕಾರ್ಟಿಸೋಲ್ ಹೆಚ್ಚಿ ಮುಖ ದುಂಡಗಾಗುತ್ತದೆ, ಹೊಟ್ಟೆ ಬೆಳೆಯುತ್ತದೆ, ಚರ್ಮ ತೆಳುವಾಗುತ್ತದೆ, ಬಿಪಿ–ಸಕ್ಕರೆ ಏರುತ್ತವೆ. ನಾವು ‘ತಿಂದು ದಪ್ಪಗಾದಳು’ ಎನ್ನುತ್ತೇವೆ. ಇಂಥ ಸಂದೇಶಗಳ ಅಧ್ಯಯನ ಎಲ್ಲೋ ದೂರದ್ದಲ್ಲ. ರಾಜಾಜಿನಗರದಿಂದ ಕೂಗಳತೆಯ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರ ಪ್ರಯೋಗಾಲಯ ಸೈಕ್ಲಿಕ್ ಎಎಂಪಿ ಮತ್ತು ಅದರ ಸೋದರ ಅಣುವಿನ ಮೇಲೆ ದಶಕಗಳಿಂದ ಕೆಲಸ ಮಾಡಿದೆ.

ಆಕ್ಷೇಪ ಬರುತ್ತದೆ: ಇದೆಲ್ಲ ಅಪರೂಪ, ನೂರಾರು ಜನ ಕಾಯುವ ಓಪಿಡಿಯಲ್ಲಿ ಇದನ್ನು ಹುಡುಕುತ್ತ ಕೂರಲಾದೀತೇ? ಅರ್ಧ ನಿಜ. ಹೆಚ್ಚಿನವರ ಬಿಪಿಗೆ ಇಂಥ ಒಂದೇ ಕಾರಣ ಸಿಗುವುದಿಲ್ಲ, ಉಪ್ಪು ಕಡಿಮೆ ಮಾಡುವುದು ಎಲ್ಲರಿಗೂ ಒಳ್ಳೆಯದು. ಆದರೆ ಆಲ್ಡೋಸ್ಟಿರೋನ್ ಹೆಚ್ಚಳ ಅಪರೂಪವಲ್ಲ. ಬಿಪಿ ಇರುವ ನೂರರಲ್ಲಿ ಐದರಿಂದ ಹತ್ತು ಮಂದಿಯಲ್ಲಿ ಅದಿದೆ. ಬಿಪಿ ಅಷ್ಟೇ ಇರುವ ಇತರರಿಗಿಂತ ಇವರಿಗೆ ಪಾರ್ಶ್ವವಾಯು, ಹೃದಯದ ತೊಂದರೆ ಹೆಚ್ಚು. ಎಲ್ಲರನ್ನೂ ಸ್ಕ್ಯಾನಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಸ್ಕ್ಯಾನಿನಲ್ಲಿ ಕಾಣುವ ಅಡ್ರಿನಲ್ ಗಡ್ಡೆಗಳಲ್ಲಿ ಬಹುಪಾಲು ನಿರುಪದ್ರವಿ. ಜೀನ್ ಪರೀಕ್ಷೆಯೂ ಮೊದಲಿಗೆ ಬೇಡ. ಬೇಕಾದ್ದು ಆಲ್ಡೋಸ್ಟಿರೋನ್ ಮತ್ತು ಕಿಡ್ನಿಯಿಂದ ಬರುವ ರೆನಿನ್ ಅಳೆಯುವ ರಕ್ತಪರೀಕ್ಷೆ. ಅಮೆರಿಕದ ಎಂಡೊಕ್ರೈನ್ ಸೊಸೈಟಿಯ 2025ರ ಮಾರ್ಗಸೂಚಿ ಬಿಪಿ ಇರುವ ಎಲ್ಲರಿಗೂ ಇದನ್ನು ಸೂಚಿಸುತ್ತದೆ. ಅಷ್ಟು ಆಗದಿದ್ದರೆ ಚಿಕ್ಕ ವಯಸ್ಸಿಗೇ ಬಿಪಿ ಬಂದವರಿಗೆ, ಮೂರು ಮಾತ್ರೆಗೂ ಬಗ್ಗದವರಿಗೆ, ಪೊಟ್ಯಾಷಿಯಂ ಇಳಿದವರಿಗಾದರೂ ಆಗಲಿ. ಒಂದೇ ಕಡೆಯ ದೋಷವಾದರೆ ಆ ಗ್ರಂಥಿಯನ್ನು ತೆಗೆಯಬಹುದು, ಎರಡೂ ಕಡೆಯದಾದರೆ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ ಮಾತ್ರೆ ಇದೆ.

ಮನೆತನದ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಾದ ಜಾಗವೂ ಒಂದಿದೆ. ಗ್ರಂಥಿಯ ಒಳತಿರುಳಿನ ಫಿಯೋಕ್ರೋಮೋಸೈಟೋಮಾ ಗಡ್ಡೆ ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ ತರುತ್ತದೆ. ನೋಡುವವರಿಗೆ ಗಾಬರಿಯಂತೆಯೇ ಕಾಣುತ್ತದೆ. ಇದರಲ್ಲಿ ಸುಮಾರು ಮೂರರಲ್ಲೊಂದು ಪಾಲು ವಂಶದಿಂದ ಬಂದ ಜೀನ್ ದೋಷದ್ದು. ಅಲ್ಲಿ ‘ಅಮ್ಮನಿಗೂ ಇತ್ತು’ ಎಂಬುದು ಅಣ್ಣತಮ್ಮ, ಅಕ್ಕತಂಗಿಯರನ್ನೂ ಪರೀಕ್ಷೆಗೆ ಕರೆತರಬೇಕಾದ ಮಾತು.

ನಮ್ಮ ಕ್ಲಿನಿಕ್‌ಗಳಲ್ಲಿ ಇಂದು ಬಿಪಿ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಅದು ದೊಡ್ಡ ಹೆಜ್ಜೆ. ಮುಂದಿನ ಹೆಜ್ಜೆ ನಮ್ಮ ಮನೆಗಳಲ್ಲಿ ಆಗಬೇಕು. ಹೆಂಡತಿಗೋ ತಂಗಿಗೋ ‘ಟೆನ್ಷನ್ ಮಾಡ್ಕೋಬೇಡ’ ಎನ್ನುವ ಮೊದಲು ಅವಳ ಜೊತೆ ಡಾಕ್ಟರ ಮುಂದೆ ಕೂತು, ‘ಇವಳಿಗೆ ಯಾಕೆ ಬಂತು ಅಂತ ನೋಡೋಣವಾ ಡಾಕ್ಟ್ರೇ?’ ಎಂದು ಕೇಳೋಣ.