ಶಾಂತಲೆ: ಕಾದಂಬರಿಯ ನಾಯಕಿ, ಶಾಸನದ ರಾಣಿ

ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಯ ವಿಷಯದಲ್ಲಿ ಓದುಗರ ಅಭಿಪ್ರಾಯ ಒಂದೇ ಅಲ್ಲ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಓದಿದವರು ಆಕೆಯ ತ್ಯಾಗಕ್ಕೆ ಕಣ್ಣೀರಿಡುತ್ತಾರೆ. 1983ರ ಮೂರ್ತಿದೇವಿ ಪ್ರಶಸ್ತಿ ಪಡೆದ ಸಿ.ಕೆ. ನಾಗರಾಜರಾಯರ ಕೃತಿಯನ್ನು ಮೆಚ್ಚಿದವರು ವಿವೇಕವತಿಯಾದ ರಾಣಿಯನ್ನು ಕಾಣುತ್ತಾರೆ. ಶ್ರವಣಬೆಳಗೊಳದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಬಸದಿಗೆ ಆಕೆಯದೇ ಬಿರುದಾದ 'ಸವತಿಗಂಧವಾರಣ'ದ ಹೆಸರಿದೆ: ಸವತಿಯರ ಪಾಲಿಗೆ ಮದಗಜವೆಂದರ್ಥ. ಅಂಥ ತೇಜಸ್ವಿನಿ ಬರಿಯ ಕಣ್ಣೀರಿನ ನಾಯಕಿಯಲ್ಲ. 1131ರಲ್ಲಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳೆನ್ನುವ ಬೆಳಗೊಳದ ಶಾಸನವು, ಜನರಾಡುವಂತೆ ಬೆಟ್ಟದಿಂದ ಧುಮುಕಿದಳೆನ್ನುವುದಿಲ್ಲ. ತಾಯಿ ಮಾಚಿಕಬ್ಬೆ ತಿಂಗಳ ಉಪವಾಸದಿಂದ ಸಲ್ಲೇಖನ ಕೈಗೊಂಡುದನ್ನೋ ಸ್ಪಷ್ಟವಾಗಿಯೇ ಹೇಳುತ್ತದೆ. ಕಲ್ಪನೆ ಕಾದಂಬರಿಕಾರರ ಹಕ್ಕು, ನಿಜ. ಆದರೆ ಆತ್ಮಹತ್ಯೆ ಬೇರೆ, ಸಲ್ಲೇಖನ ಬೇರೆ. ಧುಮುಕುವುದನ್ನು ತ್ಯಾಗವೆಂದು ಕೊಂಡಾಡುವ ಮುನ್ನ ನಾವು ಶಾಸನವನ್ನೊಮ್ಮೆ ಓದುವುದು ಲೇಸು.